ಪೆಟ್ಟು ಮಗುವಿಗೆ, ಅರ್ಜಿ ನಿಮ್ಮದು: ಮಗುವಿನ ಮೇಲಿನ ದೌರ್ಜನ್ಯ ವಿಚ್ಛೇದನಕ್ಕೆ ಆಧಾರವಾಗುವುದು ಹೇಗೆ

ಮೊದಲು ಕಾನೂನಿನ ಒಂದು ವಾಕ್ಯವನ್ನು ನಿಧಾನವಾಗಿ ಓದೋಣ. 1955ರ ಹಿಂದೂ ವಿವಾಹ ಕಾಯ್ದೆ, ಸೆಕ್ಷನ್ 13(1)(ಐ-ಎ). ಮದುವೆಯಾದ ಮೇಲೆ ಎದುರು ಪಕ್ಷದವರು ಅರ್ಜಿದಾರರನ್ನು ಕ್ರೌರ್ಯದಿಂದ ನಡೆಸಿಕೊಂಡಿದ್ದರೆ ವಿಚ್ಛೇದನ ಕೊಡಬಹುದು ಎನ್ನುತ್ತದೆ. ಗಮನಿಸಿದಿರಾ? ಅರ್ಜಿದಾರರನ್ನು ಎಂದಿದೆ, ಮಗುವನ್ನು ಎಂದಿಲ್ಲ. ಗಂಡ ಮಗುವಿಗೆ ಬರೆ ಹಾಕಿದ, ಹೆಂಡತಿ ಮಗುವನ್ನು ಊಟ ಕೊಡದೆ ಕೋಣೆಯಲ್ಲಿ ಕೂಡಿಹಾಕಿದಳು ಎಂಬುದನ್ನೇ ನೇರವಾಗಿ ಹೆಸರಿಸಿ 'ಇದು ವಿಚ್ಛೇದನದ ಆಧಾರ' ಎಂದು ಹೇಳುವ ಕಲಮು ನಮ್ಮ ಮದುವೆ ಕಾನೂನುಗಳಲ್ಲಿ ಇಲ್ಲ. ಹಾಗಾದರೆ ದಾರಿಯೇ ಇಲ್ಲವೇ ಎಂದರೆ, ಇದೆ. ಆದರೆ ಮಗುವಿನ ಮೈಮೇಲಿನ ಗಾಯದಿಂದ ನಿಮ್ಮ ಬದುಕಿನವರೆಗೆ ಒಂದು ಸೇತುವೆ ಕಟ್ಟಬೇಕು. ಬಹಳಷ್ಟು ಅರ್ಜಿಗಳು ಸೋಲುವುದು ಆ ಸೇತುವೆ ಇಲ್ಲದ್ದರಿಂದ.

ಈ ಸೇತುವೆಯನ್ನು ಸುಪ್ರೀಂ ಕೋರ್ಟ್ 1975ರಲ್ಲೇ ತೋರಿಸಿದೆ. ದಾಸ್ತಾನೆ ಪ್ರಕರಣವನ್ನು ಕಾನೂನು ಓದಿದವರೆಲ್ಲ ಕೇಳಿರುತ್ತೀರಿ. ಆದರೆ ಅದರಲ್ಲಿ ಮಕ್ಕಳ ವಿಚಾರ ಇತ್ತೆಂಬುದು ಹಲವರಿಗೆ ನೆನಪಿರುವುದಿಲ್ಲ. ಅಲ್ಲಿ ಅರ್ಜಿದಾರ ಗಂಡ. ಹೆಂಡತಿ ಎಳೆ ಮಗುವಿನ ನಾಲಿಗೆಗೆ ಖಾರದ ಪುಡಿ ಉಜ್ಜಿದ್ದು, ಜೋರು ಜ್ವರದಲ್ಲಿದ್ದ ಮಗುವನ್ನು ಕರುಣೆಯಿಲ್ಲದೆ ಹೊಡೆದದ್ದು ಸಾಕ್ಷ್ಯದಲ್ಲಿ ಬಂದಿತ್ತು. ಇಂಥ ಕೃತ್ಯಗಳು ದಾಂಪತ್ಯದ ಉದ್ದೇಶವನ್ನೇ ಹಾಳುಮಾಡುತ್ತವೆ ಎಂದು ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಬರೆದರು. ಪೆಟ್ಟು ತಿಂದದ್ದು ಮಗು, ಕ್ರೌರ್ಯಕ್ಕೆ ಒಳಗಾದವನು ತಂದೆ. ಇದೇ ತೀರ್ಪಿನ ಇನ್ನೊಂದು ಮಾತೂ ನಮಗೆ ಬೇಕು: ವೈವಾಹಿಕ ದಾವೆಗಳಲ್ಲಿ ಕ್ರೌರ್ಯವನ್ನು ಕೊಲೆ ಕೇಸಿನಂತೆ ಸಂಶಯಾತೀತವಾಗಿ ಸಾಬೀತುಪಡಿಸಬೇಕಿಲ್ಲ; ನಡೆದಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು.

ಇಷ್ಟು ಹೇಳಿ ನಿಲ್ಲಿಸಿದರೆ ನಿಮಗೆ ಖುಷಿಯಾಗುತ್ತದೆ. ಆದರೆ ಆ ಕೇಸಿನಲ್ಲಿ ಗಂಡ ಸೋತ. ಕ್ರೌರ್ಯ ಸಾಬೀತಾಗಿಯೂ ಸೋತ. ಯಾಕೆ ಎಂಬುದಕ್ಕೆ ಆಮೇಲೆ ಬರುತ್ತೇನೆ, ಇವತ್ತಿನ ಮಾತಿನಲ್ಲಿ ಅದೇ ದೊಡ್ಡ ಪಾಠ.

ಮೊದಲು ಅರ್ಜಿಯಲ್ಲಿ ಬರೆಯುವ ಕ್ರಮ ನೋಡೋಣ. 'ಎದುರುದಾರರು ಮಗುವಿಗೆ ಸದಾ ಚಿತ್ರಹಿಂಸೆ ಕೊಡುತ್ತಿದ್ದರು' ಎಂದು ಬರೆದರೆ ಅದು ಬರೀ ಆರೋಪ. ಪಾಟೀಸವಾಲಿನಲ್ಲಿ, ಅಂದರೆ ಎದುರು ವಕೀಲರು ನಿಮ್ಮನ್ನು ಪ್ರಶ್ನಿಸುವಾಗ, 'ಯಾವತ್ತು, ಎಲ್ಲಿ, ಯಾರಿದ್ದರು' ಎಂಬ ಮೂರು ಪ್ರಶ್ನೆಗೆ ಅದು ಕುಸಿಯುತ್ತದೆ. ಇದನ್ನೇ ಹೀಗೆ ಬರೆದು ನೋಡಿ: 'ಜೂನ್ ತಿಂಗಳ ಎರಡನೆಯ ವಾರ, ಶಾಲೆ ಶುರುವಾದ ಮೇಲೆ ಒಂದು ಸಂಜೆ, ಮಗ್ಗಿ ತಪ್ಪಿ ಹೇಳಿದನೆಂದು ಏಳು ವರ್ಷದ ಮಗನ ತೊಡೆಗೆ ಬೆಲ್ಟಿನಿಂದ ನಾಲ್ಕೈದು ಬಾರಿ ಹೊಡೆದರು. ತಡೆಯಲು ಹೋದ ನನ್ನನ್ನು ಕೋಣೆಯಿಂದ ಹೊರಗೆ ತಳ್ಳಿ ಚಿಲಕ ಹಾಕಿದರು. ಮಗುವಿನ ಕೂಗು ಹೊರಗೆ ಕೇಳುತ್ತಿತ್ತು. ಮರುದಿನ ತಾಲೂಕು ಆಸ್ಪತ್ರೆಗೆ ಕರೆದೊಯ್ದೆ, ಚೀಟಿ ಲಗತ್ತಿಸಿದೆ. ಅಂದಿನಿಂದ ಅವರು ಮನೆಯಲ್ಲಿರುವಾಗ ಮಗುವನ್ನು ಬಿಟ್ಟು ಸ್ನಾನಕ್ಕೂ ಹೋಗಲು ನನಗೆ ಧೈರ್ಯವಾಗಲಿಲ್ಲ. ಆಗಸ್ಟಿನಲ್ಲಿ ಕೆಲಸ ಬಿಟ್ಟೆ.' ಇದರಲ್ಲಿ ದಿನಾಂಕ ಪಕ್ಕಾ ಇಲ್ಲದಿದ್ದರೂ ಕಾಲ ಇದೆ, ಜಾಗ ಇದೆ, ಕಾಗದ ಇದೆ. ಎಲ್ಲಕ್ಕಿಂತ ಮುಖ್ಯವಾಗಿ ಕೊನೆಯ ಎರಡು ವಾಕ್ಯ ಇದೆ. ಸೇತುವೆ ಎಂದೆನಲ್ಲ, ಅದು ಆ ಎರಡು ವಾಕ್ಯ. ಮಗುವಿಗೆ ಆದದ್ದು ನಿಮ್ಮ ನಿದ್ದೆ, ಕೆಲಸ, ಆರೋಗ್ಯ, ಮನೆಯಲ್ಲಿರುವ ಧೈರ್ಯ ಇವುಗಳನ್ನು ಹೇಗೆ ಕಿತ್ತುಕೊಂಡಿತು ಎಂಬುದು ಅರ್ಜಿಯಲ್ಲಿ ಬರಬೇಕು. ದಿನಾಂಕ ನೆನಪಿಲ್ಲದಿದ್ದರೆ ಊಹಿಸಿ ಬರೆಯಬೇಡಿ. ಹಬ್ಬ, ಪರೀಕ್ಷೆ, ಜಾತ್ರೆ, ಮಳೆಗಾಲ, ಯಾವುದಕ್ಕಾದರೂ ಜೋಡಿಸಿ ಹೇಳಿ. ತಪ್ಪು ದಿನಾಂಕ ಒಂದು ಸಿಕ್ಕಿದರೆ ಎದುರು ವಕೀಲರು ಅದನ್ನೇ ಹಿಡಿದು ಒಂದು ವಾಯಿದೆ ಪೂರ್ತಿ ಪ್ರಶ್ನೆ ಕೇಳುತ್ತಾರೆ.

ಎದುರುಗಡೆಯಿಂದ ಬರುವ ಉತ್ತರ ನಿಮಗೆ ಗೊತ್ತಿರುವುದೇ: 'ಮಕ್ಕಳನ್ನು ತಿದ್ದಬೇಡವೇ, ನಮ್ಮಪ್ಪ ನಮಗೆ ಹೊಡೆಯಲಿಲ್ಲವೇ?' ಇದನ್ನು ಲಘುವಾಗಿ ತಗೊಳ್ಳಬೇಡಿ, ಒಮ್ಮೆ ಕೈಯೆತ್ತಿದ ಮಾತ್ರಕ್ಕೆ ವಿಚ್ಛೇದನ ಸಿಗುವುದಿಲ್ಲ. ಮಗುವಿನ ವಯಸ್ಸು, ಹೊಡೆದದ್ದು ಕೈಯಿಂದಲೋ ವಸ್ತುವಿನಿಂದಲೋ, ದೇಹದ ಯಾವ ಭಾಗಕ್ಕೆ, ಎಷ್ಟು ಸಲ, ಚಿಕಿತ್ಸೆ ಬೇಕಾಯಿತೇ, ಬೇಡವೆಂದ ಮೇಲೂ ಮುಂದುವರಿಯಿತೇ ಎಂಬ ವಿವರಗಳು 'ತಿದ್ದುವುದು' ಮತ್ತು ಕ್ರೌರ್ಯದ ನಡುವಿನ ಗೆರೆ ಎಳೆಯುತ್ತವೆ. ಬರೀ ಹೊಡೆತವೂ ಬೇಕಿಲ್ಲ. ಔಷಧಿ ನಿಲ್ಲಿಸಿದ್ದು, ಶಾಲೆ ಬಿಡಿಸಿದ್ದು, ನಿಮ್ಮ ಮೇಲಿನ ಸಿಟ್ಟಿಗೆ ಮಗುವನ್ನು ರಾತ್ರಿ ಹೊರಗೆ ನಿಲ್ಲಿಸಿದ್ದು, ಇವೂ ಲೆಕ್ಕಕ್ಕೆ ಬರುತ್ತವೆ. ಬಾಲನ್ಯಾಯ ಕಾಯ್ದೆ 2015ರ ಸೆಕ್ಷನ್ 75 ಮಗುವಿನ ಹೊಣೆ ಹೊತ್ತವರು ಹಲ್ಲೆ ಮಾಡುವುದು, ತೊರೆಯುವುದು, ಬೇಕೆಂದೇ ನಿರ್ಲಕ್ಷಿಸುವುದನ್ನು ಅಪರಾಧವೆನ್ನುತ್ತದೆ. ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಮನೆಯೊಳಗಿನ ಮಾತು ಎಂದು ವಾದಿಸುವವರಿಗೆ ಈ ಕಲಮನ್ನು ತೋರಿಸಬಹುದು.

ಮಗು ಇಬ್ಬರದೂ ಆಗಿರಬೇಕೇ ಎಂದು ಕೇಳುವವರಿದ್ದಾರೆ. ಮೊದಲ ಮದುವೆಯ ಮಗುವನ್ನು ಕರೆತಂದಿರುತ್ತಾರೆ, ಎರಡನೆಯ ಗಂಡ ಹಿಂಸಿಸುತ್ತಾನೆ. ಕ್ರೌರ್ಯ ಅಳೆಯುವುದು ನಿಮ್ಮ ನೋವಿನಿಂದ ತಾನೇ, ಆದ್ದರಿಂದ ಮಗು ನಿಮ್ಮದಾಗಿದ್ದರೆ ಸಾಕು. ಇಂಥ ಮದುವೆಗೆ ಇನ್ನೂ ಒಂದು ವರ್ಷ ತುಂಬಿಲ್ಲದಿದ್ದರೆ? ಸಾಮಾನ್ಯವಾಗಿ ವರ್ಷದೊಳಗೆ ವಿಚ್ಛೇದನದ ಅರ್ಜಿ ಹಾಕುವಂತಿಲ್ಲ. ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 14ರಲ್ಲಿ ವಿನಾಯಿತಿ ಇದೆ: ಅರ್ಜಿದಾರರಿಗೆ ಅಸಾಧಾರಣ ಕಷ್ಟ, ಇಲ್ಲವೇ ಎದುರುದಾರರ ಅಸಾಧಾರಣ ನೀಚತನ. ಅದಕ್ಕೆ ಪ್ರತ್ಯೇಕವಾಗಿ ಅನುಮತಿ ಕೋರಬೇಕು.

ಈಗ ದಾಸ್ತಾನೆ ಕೇಸು ಸೋತದ್ದರ ಕಥೆ. ಅದೇ ಕಾಯ್ದೆಯಲ್ಲಿ ಸೆಕ್ಷನ್ 23(1)(ಬಿ) ಎಂಬುದೊಂದಿದೆ. ಕ್ರೌರ್ಯದ ಆಧಾರದ ಮೇಲೆ ಬಂದವರು ಆ ಕ್ರೌರ್ಯವನ್ನು ಮನ್ನಿಸಿರಬಾರದು. ಮನ್ನಿಸುವುದು ಎಂದರೆ ಕ್ಷಮಿಸಿ, ಮೊದಲಿನ ಹಾಗೆಯೇ ಸಂಸಾರಕ್ಕೆ ಸೇರಿಸಿಕೊಳ್ಳುವುದು. ಆ ದಂಪತಿಗಳು ಕ್ರೌರ್ಯ ನಡೆಯಿತೆನ್ನುವ ಕಾಲದಲ್ಲೂ ಗಂಡ-ಹೆಂಡಿರಾಗಿ ಬಾಳಿದ್ದರು, ಮೂರನೆಯ ಮಗುವೂ ಆಯಿತು. ಹಾಗಾಗಿ ಗಂಡ ಮನ್ನಿಸಿದ್ದಾನೆ ಎಂದು ಕೋರ್ಟ್ ಹೇಳಿತು. ಎದುರುಗಡೆಯವರು ಈ ವಾದ ಎತ್ತದಿದ್ದರೂ ಕೋರ್ಟ್ ತಾನೇ ಪರಿಶೀಲಿಸಬೇಕು ಎಂದೂ ಹೇಳಿತು. ಅಂದರೆ ಎದುರು ವಕೀಲರು ಮರೆತರು ಎಂದು ನೀವು ನಿಶ್ಚಿಂತರಾಗಿರುವಂತಿಲ್ಲ.

ನಮ್ಮಲ್ಲಿ ಹೆಣ್ಣುಮಕ್ಕಳು ಮಗುವಿಗೆ ಹಿಂಸೆಯಾಗುವುದು ಗೊತ್ತಿದ್ದೂ ವರ್ಷಗಟ್ಟಲೆ ಅದೇ ಮನೆಯಲ್ಲಿರುತ್ತಾರೆ. ಹೋಗಲು ತವರಿಲ್ಲ, ಕೈಯಲ್ಲಿ ದುಡ್ಡಿಲ್ಲ, ಮಗುವನ್ನು ಬಿಟ್ಟು ಹೋಗು ಎಂಬ ಬೆದರಿಕೆ. ಅದು ಕ್ಷಮೆಯಲ್ಲ, ಬೇರೆ ದಾರಿಯಿಲ್ಲದಿರುವುದು. ಆದರೆ ಇದು ಕೋರ್ಟಿಗೆ ತಾನಾಗಿ ಹೊಳೆಯುವುದಿಲ್ಲ. ಯಾಕೆ ಉಳಿದಿರಿ ಎಂಬುದಕ್ಕೆ ಅರ್ಜಿಯಲ್ಲೇ ಒಂದು ಪ್ಯಾರಾ ಬೇಕು. ತವರಿಗೆ ಹೋಗಿ ಹಿರಿಯರ ಪಂಚಾಯಿತಿಯ ಮೇಲೆ ವಾಪಸು ಬಂದಿದ್ದರೆ, ಆಗ ಕೊಟ್ಟ ಮಾತೇನು, ಅದು ಯಾವಾಗ ಮುರಿಯಿತು ಎಂದು ಬರೆಯಿರಿ. ಯಾಕೆಂದರೆ ಮನ್ನಿಸುವುದಕ್ಕೆ ಯಾವಾಗಲೂ ಒಂದು ಒಳಷರತ್ತಿರುತ್ತದೆ: ಮತ್ತೆ ಹಾಗೆ ಮಾಡಬಾರದು. ಮತ್ತೆ ಮಾಡಿದರೆ ಹಳೆಯ ಕ್ರೌರ್ಯವೂ ಜೀವ ಪಡೆಯುತ್ತದೆ. ಮುಚ್ಚಳಿಕೆ ಬರೆಸಿಕೊಂಡಿದ್ದರೆ ಆ ಕಾಗದವನ್ನು ಜೋಪಾನ ಮಾಡಿ. 'ಇನ್ನು ಮಗುವಿಗೆ ಹೊಡೆಯುವುದಿಲ್ಲ' ಎಂದು ಬರೆದವರು ಹಿಂದೆ ಹೊಡೆದದ್ದನ್ನು ಒಪ್ಪಿದ ಹಾಗೇ ಆಯಿತಲ್ಲ.

ಎರಡನೆಯ ಆಧಾರ ಕಿರಿದು, ಆದರೆ ಹರಿತ. ಸೆಕ್ಷನ್ 13(2)(ii). ಮದುವೆಯ ನಂತರ ಗಂಡ ಅತ್ಯಾಚಾರ, ಅಸ್ವಾಭಾವಿಕ ಸಂಭೋಗ ಅಥವಾ ಪಶುಸಂಭೋಗದ ತಪ್ಪೆಸಗಿದ್ದರೆ ಹೆಂಡತಿ ವಿಚ್ಛೇದನ ಕೇಳಬಹುದು. ಬಲಿಯಾದವರು ಯಾರು ಎಂದು ಕಲಮು ಕೇಳುವುದಿಲ್ಲ, ಸ್ವಂತ ಮಗುವೂ ಆಗಬಹುದು. ಮನ್ನಿಸಿರಬಾರದು ಎಂಬ ಅಡ್ಡಿ ವ್ಯಭಿಚಾರ ಮತ್ತು ಕ್ರೌರ್ಯಕ್ಕೆ ಮಾತ್ರ ಹೇಳಿದ್ದು, ಇದಕ್ಕಲ್ಲ. ಕ್ರಿಮಿನಲ್ ಕೋರ್ಟಿನಲ್ಲಿ ಶಿಕ್ಷೆಯಾಗಿರಬೇಕು ಎಂಬ ಪದಗಳೂ ಅದರಲ್ಲಿ ಇಲ್ಲ. ಕುಂದು ಎಂದರೆ, ಇದು ಹೆಂಡತಿಗೆ ಮಾತ್ರ, ಮತ್ತು ಅಸಭ್ಯವಾಗಿ ಮುಟ್ಟಿದ್ದು, ಅಶ್ಲೀಲ ಚಿತ್ರ ತೋರಿಸಿದ್ದು ಇದರೊಳಗೆ ಬರುವುದಿಲ್ಲ. ಅವಕ್ಕೆ ಮತ್ತೆ ಕ್ರೌರ್ಯದ ಕಲಮೇ ಗತಿ. ಅದಕ್ಕೇ ಎರಡನ್ನೂ ಒಟ್ಟಿಗೆ ಹಾಕುವುದು ಕ್ಷೇಮ.

ಬೇರೆ ಕಾನೂನಿನಡಿ ಮದುವೆಯಾದವರಿಗೆ ಚುಟುಕಾಗಿ ಹೇಳುತ್ತೇನೆ. ವಿಶೇಷ ವಿವಾಹ ಕಾಯ್ದೆ 1954ರ ಸೆಕ್ಷನ್ 27ರಲ್ಲಿ ಕ್ರೌರ್ಯವೂ ಇದೆ, ಹೆಂಡತಿಗೆ ಅತ್ಯಾಚಾರದ ಆಧಾರವೂ ಇದೆ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆಯ ಸೆಕ್ಷನ್ 10, 2001ರಲ್ಲಿ ತಿದ್ದುಪಡಿಯಾದದ್ದು. ಅಲ್ಲಿ ಎದುರುದಾರರ ಜೊತೆ ಬಾಳುವುದು ತಮಗೆ ಹಾನಿಕರ ಎಂಬ ಸಕಾರಣ ಭಯ ತೋರಿಸಬೇಕು, ಹಾಗಾಗಿ ಸೇತುವೆ ಇನ್ನೂ ಗಟ್ಟಿ ಬೇಕು. ಮುಸ್ಲಿಂ ಮಹಿಳೆಯರಿಗೆ 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆ: ದೈಹಿಕ ಹಿಂಸೆಯಲ್ಲದಿದ್ದರೂ ನಡತೆಯ ಕ್ರೌರ್ಯದಿಂದ ಬಾಳನ್ನು ದುರ್ಭರ ಮಾಡಿದ್ದರೆ ಸಾಕು. ಗಂಡನಿಗೆ ಏಳು ವರ್ಷ ಅಥವಾ ಹೆಚ್ಚಿನ ಜೈಲು ಶಿಕ್ಷೆ ಆಗಿದ್ದರೆ ಅದೂ ಆಧಾರ, ಆದರೆ ಶಿಕ್ಷೆ ಅಂತಿಮವಾದ ಮೇಲೆ.

ಲೈಂಗಿಕ ದೌರ್ಜನ್ಯದ ವಿಚಾರಕ್ಕೆ ಬಂದರೆ ಕ್ರಮ ತಲೆಕೆಳಗಾಗುತ್ತದೆ. ಇಲ್ಲಿ ವಿಚ್ಛೇದನದ ಅರ್ಜಿ ಮೊದಲ ಕಾಗದ ಆಗಬಾರದು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಸೆಕ್ಷನ್ 19ರ ಪ್ರಕಾರ, ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಾಯಿಗೂ ವಿನಾಯಿತಿ ಇಲ್ಲ. ತಿಳಿಸದಿದ್ದರೆ ಸೆಕ್ಷನ್ 21ರಲ್ಲಿ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಈಗ ಯೋಚಿಸಿ: ಯಾರಿಗೂ ದೂರು ಕೊಡದೆ ನೇರವಾಗಿ ಕೌಟುಂಬಿಕ ನ್ಯಾಯಾಲಯಕ್ಕೆ ಹೋಗಿ 'ಎರಡು ವರ್ಷದಿಂದ ನನಗೆ ಗೊತ್ತಿತ್ತು' ಎಂದು ಪ್ರಮಾಣ ಮಾಡಿ ಬರೆದರೆ, ನಿಮ್ಮ ವಿರುದ್ಧದ ಸಾಕ್ಷ್ಯವನ್ನು ನೀವೇ ಸಹಿ ಹಾಕಿ ಕೊಟ್ಟಂತೆ. ಸದ್ಭಾವನೆಯಿಂದ ಮಾಹಿತಿ ಕೊಟ್ಟವರಿಗೆ ಅದೇ ಸೆಕ್ಷನ್ 19 ರಕ್ಷಣೆ ಕೊಡುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಇಲ್ಲವೇ ಠಾಣೆಗೆ ಹೋಗಿ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಅಥವಾ ಮಗು ಬಯಸಿದ ಜಾಗದಲ್ಲಿ ಪಡೆಯಬೇಕು, ಅಧಿಕಾರಿ ಸಮವಸ್ತ್ರದಲ್ಲಿ ಇರುವಂತಿಲ್ಲ. ಅಪರಾಧಿ ರಕ್ತಸಂಬಂಧಿ, ಮದುವೆಯಿಂದಾದ ಸಂಬಂಧಿ ಅಥವಾ ಅದೇ ಮನೆಯಲ್ಲಿರುವವನಾದರೆ ಅಪರಾಧದ ತೀವ್ರತೆ ಹೆಚ್ಚುತ್ತದೆ. 2019ರ ತಿದ್ದುಪಡಿಯ ನಂತರ ಇಂಥವರಿಂದಾದ ಒಳಪ್ರವೇಶದ ಲೈಂಗಿಕ ಹಲ್ಲೆಗೆ ಕನಿಷ್ಠ ಶಿಕ್ಷೆಯೇ 20 ವರ್ಷ.

ಸಾಕ್ಷ್ಯ ಹಾಳಾಗುವುದು ಹೆಚ್ಚಾಗಿ ಮೊದಲ ದಿನವೇ, ಅದೂ ಪ್ರೀತಿಯಿಂದಲೇ. ತಾಯಿ ಮಗುವಿಗೆ ಸ್ನಾನ ಮಾಡಿಸುತ್ತಾಳೆ, ಬಟ್ಟೆ ಒಗೆಯುತ್ತಾಳೆ. ದಯವಿಟ್ಟು ಬೇಡ. ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್ಕಿನಲ್ಲಿ ತೇವ ನಿಂತು ಬೂಸ್ಟು ಹಿಡಿಯುತ್ತದೆ. ದೇಹದ ಮೇಲಿನ ಮಾದರಿಗಳು 96 ಗಂಟೆಯೊಳಗೆ ಸಿಕ್ಕರೆ ಮಾತ್ರ ಹೆಚ್ಚು ಉಪಯೋಗ, ಹಾಗೆಂದು ತಡವಾಯಿತೆಂದು ಆಸ್ಪತ್ರೆಗೆ ಹೋಗದೇ ಇರಬೇಡಿ. ಖಾಸಗಿ ಆಸ್ಪತ್ರೆಯೂ ಉಚಿತವಾಗಿ ಪ್ರಥಮ ಚಿಕಿತ್ಸೆ ಕೊಡಲೇಬೇಕು. ಸಾಮಾನ್ಯ ಹೊಡೆತದ ಪ್ರಕರಣದಲ್ಲೂ ವೈದ್ಯರಿಗೆ 'ಬಿದ್ದ' ಎನ್ನಬೇಡಿ. ನಾಚಿಕೆಗೆ, ಭಯಕ್ಕೆ ಹೇಳಿದ ಆ ಒಂದು ಪದ ಚೀಟಿಯಲ್ಲಿ ದಾಖಲಾಗಿ, ಎರಡು ವರ್ಷದ ನಂತರ ಪಾಟೀಸವಾಲಿನಲ್ಲಿ ನಿಮ್ಮೆದುರು ಬಂದು ನಿಲ್ಲುತ್ತದೆ.

ಮಗುವನ್ನು ಪದೇಪದೇ ಕೇಳುವುದು ಇನ್ನೊಂದು ತಪ್ಪು. ಅಜ್ಜಿ ಕೇಳುತ್ತಾಳೆ, ಮಾವ ಕೇಳುತ್ತಾನೆ, ಯಾರೋ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಾರೆ. ಹತ್ತು ಸಲ ಹೇಳಿದ ಮಗುವಿನ ಮಾತು ಹತ್ತು ಬಗೆಯಾಗುತ್ತದೆ, 'ಹೇಳಿಕೊಟ್ಟದ್ದು' ಎಂಬ ವಾದಕ್ಕೆ ಅಷ್ಟೇ ಸಾಕು. ಮಗು ತಾನಾಗಿ ಹೇಳಿದ್ದನ್ನು ಅದರದೇ ಪದಗಳಲ್ಲಿ, ಅವತ್ತೇ, ಒಂದು ಹಾಳೆಯಲ್ಲಿ ಬರೆದಿಡಿ. 'ಅಪ್ಪ ಅಲ್ಲಿ ಮುಟ್ಟಿದರಾ?' ಎಂದು ಕೇಳಬೇಡಿ; 'ಆಮೇಲೆ ಏನಾಯಿತು?' ಎನ್ನಿ, ಸಾಕು.

ಮೆಸೇಜು, ರೆಕಾರ್ಡಿಂಗುಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕು, ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಇದೇ 65ಬಿ ಆಗಿತ್ತು. ಮೂಲ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಗಂಡ-ಹೆಂಡಿರ ಮಾತನ್ನು ಗುಟ್ಟಾಗಿ ರೆಕಾರ್ಡ್ ಮಾಡಿದ್ದು ವೈವಾಹಿಕ ದಾವೆಯಲ್ಲಿ ನಡೆಯುತ್ತದೆಯೇ ಎಂಬ ಗೊಂದಲ ಬಹಳ ಕಾಲ ಇತ್ತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನಡೆಯುತ್ತದೆ ಎಂದಿದೆ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ 1984ರ ಸೆಕ್ಷನ್ 14 ಕೂಡ ಸಾಕ್ಷ್ಯ ಕಾಯ್ದೆಯ ಬಿಗಿ ನಿಯಮಗಳನ್ನು ಸಡಿಲಿಸಿ, ವಿವಾದ ತೀರ್ಮಾನಕ್ಕೆ ನೆರವಾಗುವ ವರದಿ, ದಾಖಲೆಗಳನ್ನು ಪಡೆಯಲು ಬಿಡುತ್ತದೆ. ಶಾಲೆಯ ಹಾಜರಿ ಪುಸ್ತಕ, ಟೀಚರು ಡೈರಿಯಲ್ಲಿ ಬರೆದ ಷರಾ, ಆಪ್ತಸಮಾಲೋಚಕರ ವರದಿ, ಇಂಥವು ಇಲ್ಲಿ ಕೆಲಸಕ್ಕೆ ಬರುತ್ತವೆ.

ವಿಚ್ಛೇದನಕ್ಕೆ ವರ್ಷಗಳೇ ಹಿಡಿಯಬಹುದು, ಮಗುವಿಗೆ ರಕ್ಷಣೆ ಬೇಕಾದದ್ದು ಇವತ್ತು ರಾತ್ರಿ. ಅದಕ್ಕೆ ಹೆಂಡತಿಯರಿಗೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ. ನೀವು ಈಗ ಇರುವ ಊರಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ಸಂರಕ್ಷಣಾಧಿಕಾರಿಯ ನೆರವು ಕೇಳಿ. ಸೆಕ್ಷನ್ 23ರಲ್ಲಿ ಎದುರುದಾರರನ್ನು ಕರೆಸುವ ಮೊದಲೇ ಮಧ್ಯಂತರ ಆದೇಶ ಸಿಗಬಹುದು, ಸೆಕ್ಷನ್ 19ರಲ್ಲಿ ಅವನನ್ನೇ ಮನೆಯಿಂದ ಹೊರಗಿರಿಸಬಹುದು. ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಸೆಕ್ಷನ್ 21: ಮಗುವಿನ ತಾತ್ಕಾಲಿಕ ಸುಪರ್ದು, ಅಂದರೆ ಮಗುವನ್ನು ತಮ್ಮ ಬಳಿ ಇಟ್ಟುಕೊಳ್ಳುವ ಹಕ್ಕು, ನಿಮಗೆ ಕೊಡಬಹುದು, ತಂದೆಯ ಭೇಟಿಯಿಂದ ಮಗುವಿಗೆ ಹಾನಿ ಎನ್ನಿಸಿದರೆ ಮ್ಯಾಜಿಸ್ಟ್ರೇಟರು ಭೇಟಿಯನ್ನು ನಿರಾಕರಿಸಲೇಬೇಕು. ಸಂರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಿಂಸಿಸುವವಳು ತಾಯಿಯಾದರೆ ತಂದೆಗೆ ಈ ಕಾಯ್ದೆ ಸಿಗದು. ಅವರು ಮಕ್ಕಳ ಕಲ್ಯಾಣ ಸಮಿತಿಗೆ ಹೋಗಬೇಕು, ವಿಚ್ಛೇದನದ ಜೊತೆಗೆ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 26ರಲ್ಲಿ ಮಧ್ಯಂತರ ಸುಪರ್ದು ಕೇಳಬೇಕು. ಐದು ವರ್ಷದೊಳಗಿನ ಮಗು ತಾಯಿಯ ಬಳಿ ಎಂಬುದು 'ಸಾಮಾನ್ಯವಾಗಿ' ಮಾತ್ರ. 1956ರ ಹಿಂದೂ ಅಪ್ರಾಪ್ತ ವಯಸ್ಸು ಮತ್ತು ಪಾಲಕತ್ವ ಕಾಯ್ದೆಯ ಸೆಕ್ಷನ್ 13 ಮಗುವಿನ ಹಿತವೇ ಎಲ್ಲಕ್ಕಿಂತ ದೊಡ್ಡದು ಎನ್ನುತ್ತದೆ.

ಅರ್ಜಿ ದಾಖಲಾದ ಮೇಲೆ ಮಧ್ಯಸ್ಥಿಕೆಗೆ ಕಳಿಸುತ್ತಾರೆ. ಅಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನದ ಮಾತು ಬರುತ್ತದೆ. ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 13ಬಿ, ಒಂದು ವರ್ಷ ಬೇರೆ ಬಾಳಿರಬೇಕು, ನಂತರದ ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಸಂದರ್ಭದಲ್ಲಿ ಕೋರ್ಟ್ ಬಿಡಬಹುದು ಎಂದು 2017ರಿಂದ ಇದೆ. ಬೇಗ ಮುಗಿಯುತ್ತದೆ, ಮಗು ಕೋರ್ಟ್ ಮೆಟ್ಟಿಲು ಹತ್ತುವುದು ತಪ್ಪುತ್ತದೆ, ಒಪ್ಪಿಕೊಂಡರೆ ತಪ್ಪೇನಿಲ್ಲ. ಆದರೆ ಒಪ್ಪಂದದೊಳಗೆ 'ಪೋಕ್ಸೊ ದೂರು ಹಿಂಪಡೆಯತಕ್ಕದ್ದು' ಎಂಬ ಸಾಲು ಸೇರಿಸಿ ತಂದರೆ ಸಹಿ ಹಾಕಬೇಡಿ. ಅದು ನಿಮ್ಮಿಬ್ಬರ ನಡುವಿನ ವ್ಯವಹಾರವಲ್ಲ, ರಾಜಿಯಾಗುವ ಅಪರಾಧವೂ ಅಲ್ಲ. ಮಗುವಿನ ಕಡೆಯವರು ರಾಜಿಯಾದರೆಂದು ಹೈಕೋರ್ಟ್ ರದ್ದು ಮಾಡಿದ್ದ ಒಂದು ಪೋಕ್ಸೊ ಪ್ರಕರಣವನ್ನು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಜೀವಂತಗೊಳಿಸಿತು.

ಕ್ರಿಮಿನಲ್ ಕೇಸಿನಲ್ಲಿ ಖುಲಾಸೆಯಾದರೆ ವಿಚ್ಛೇದನ ಬಿದ್ದುಹೋಗುತ್ತದೆಯೇ? ತಾನಾಗಿ ಬೀಳುವುದಿಲ್ಲ, ಎರಡರ ಸಾಕ್ಷ್ಯದ ಅಳತೆಗೋಲೇ ಬೇರೆ. ಆದರೆ ಇದಕ್ಕೆ ಇನ್ನೊಂದು ಮುಖವಿದೆ. ಸುಳ್ಳು ಕ್ರಿಮಿನಲ್ ದೂರು ಕೊಡುವುದೇ ಕ್ರೌರ್ಯ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ, ಒಂದೇ ದೂರು ಸಾಕು. ಸುಪರ್ದಿನ ಜಗಳದಲ್ಲಿ ಮೇಲುಗೈಗಾಗಿ ಪೋಕ್ಸೊ ಹಾಕಿಸಿದರೆ ವಿಚ್ಛೇದನ ಸಿಗುವುದು ಎದುರುಗಡೆಯವರಿಗೆ, ಬಹುಶಃ ಮಗುವಿನ ಸುಪರ್ದೂ. ಸಂಶಯ ಮಾತ್ರ ಇದ್ದರೆ ಸಂಶಯ ಎಂದೇ ಬರೆಯಿರಿ. ಪರೀಕ್ಷಿಸಿ ನೋಡುವುದು ಪೊಲೀಸರ ಮತ್ತು ವೈದ್ಯರ ಕೆಲಸ.

ಮಗುವಿನ ಹೆಸರನ್ನು ವಾಟ್ಸ್ಆ್ಯಪ್ ಗುಂಪಿಗೆ, ಫೇಸ್‌ಬುಕ್ಕಿಗೆ ಹಾಕಿ ನ್ಯಾಯ ಕೇಳುವವರಿದ್ದಾರೆ. ಹೆತ್ತವರಾದರೂ ಅದು ಅಪರಾಧವಾದೀತು. ವಿಚ್ಛೇದನದ ಅರ್ಜಿಯಲ್ಲೂ ಲೈಂಗಿಕ ದೌರ್ಜನ್ಯದ ಭಾಗದಲ್ಲಿ ಹೆಸರಿನ ಬದಲು 'ಅಪ್ರಾಪ್ತ ಮಗು' ಎಂದು ಬರೆಸಿ, ವಿಚಾರಣೆ ಗುಪ್ತವಾಗಿ ನಡೆಯಲಿ ಎಂದು ಕೇಳಿ. ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 22ರಲ್ಲಿ ಅದು ಕಡ್ಡಾಯವೇ, ಆದರೂ ಬಾಯಿಬಿಟ್ಟು ಕೇಳಿದರೇ ಬಾಗಿಲು ಮುಚ್ಚುವುದು. ವಕೀಲರ ಫೀಜಿನ ಚಿಂತೆಯಿದ್ದರೆ, ಹೆಂಗಸರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿದೆ. ತಾಲೂಕು ಕಾನೂನು ಸೇವಾ ಸಮಿತಿ ಕೋರ್ಟ್ ಆವರಣದಲ್ಲೇ ಇರುತ್ತದೆ, ಫೋನ್ 15100.

ಇನ್ನೊಂದು ವಿಷಯ ಬಿಟ್ಟೇಹೋಗುತ್ತಿತ್ತು. ವಿಚ್ಛೇದನದ ಡಿಕ್ರಿ ಬಂದ ಮೇಲೂ ಎದುರುದಾರರು ತಂದೆಯೋ ತಾಯಿಯೋ ಆಗಿಯೇ ಉಳಿಯುತ್ತಾರೆ, ಭೇಟಿಗೆ ಅರ್ಜಿ ಹಾಕುತ್ತಲೇ ಇರುತ್ತಾರೆ. ಆದ್ದರಿಂದ ಸುಪರ್ದಿನ ಆದೇಶ ಅಸ್ಪಷ್ಟವಾಗಿರದಂತೆ ನೋಡಿಕೊಳ್ಳಿ. 'ಸೂಕ್ತ ಭೇಟಿ' ಎಂಬ ಎರಡು ಪದ ಮುಂದೆ ಹತ್ತು ಜಗಳಕ್ಕೆ ಬೀಜ. ಭೇಟಿ ಎಲ್ಲಿ, ಯಾರ ಎದುರಿನಲ್ಲಿ, ಎಷ್ಟು ಹೊತ್ತು, ರಾತ್ರಿ ತಂಗುವುದು ಇಲ್ಲ, ಶಾಲೆಯಿಂದ ಯಾರು ಕರೆದೊಯ್ಯಬಹುದು, ಫೋನ್ ಕರೆ ಯಾವ ವೇಳೆಗೆ, ಪಾಸ್‌ಪೋರ್ಟ್ ಯಾರ ಬಳಿ, ಎಲ್ಲವನ್ನೂ ಬರೆಸಿಕೊಳ್ಳಿ. ಆಮೇಲೆ ದೃಢೀಕೃತ ಪ್ರತಿಯೊಂದನ್ನು ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಗೇಟಿನ ಬಳಿ ಮಗುವನ್ನು ಕರೆದೊಯ್ಯಲು ಯಾರು ಬಂದರೂ, ಕಾವಲಿನವರು ಮೊದಲು ಕೇಳುವುದು ಆ ಕಾಗದವನ್ನೇ.